ನಿಲ್ಲುವುದನ್ನು ನೋಡುತ್ತಿದ್ದ ಕಾಕ

ನಾನು ನಿಂತಿದ್ದದ್ದು ನೀರಿನ ಟ್ಯಾಂಕಿನ ಎಡಗಡೆ, ಬೇಲಿಯ ಒಳಗೆ. ಎರಡು ವರ್ಷದ ಹಿಂದೆ, ಎಪ್ರಿಲ್ ತಿಂಗಳ ಒಂದು ಶನಿವಾರ. ಬೆಳಗಿನ ಹೊತ್ತೇ ಆದರೂ ಮರಳು ಆಗಲೇ ಕಾದಿತ್ತು. ಕಾಕ ನನ್ನ ಮುಂದೆ, ನಾಯಿಗಳ ಓಟದ ಹಾದಿಗೆ ಬೆನ್ನು ಹಾಕಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಅವರ ಬಲಗೈಯ ಕಿರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಅಬುಧಾಬಿ ಬಳಿಯ ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ಕಬ್ಬಿಣ ಕತ್ತರಿಸುವ ಯಂತ್ರ ತೆಗೆದುಕೊಂಡಿತ್ತು.

ಅವರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ಬೆರಳು ಹೋದ ಮೇಲೆ ವರ್ಕ್‌ಶಾಪ್ ಬಿಟ್ಟು, ಅಬುಧಾಬಿಯ ಹೊರಗಿನ ಮರಳುಗಾಡಿನಲ್ಲಿ ಒಬ್ಬ ಅರಬಿಯ ನಾಯಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಆ ಯಜಮಾನರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ನಾನು ನಗರದೊಳಗೆ ಖಾಲಿದಿಯಾದ ಒಂದು ಪ್ರಾಣಿ ಚಿಕಿತ್ಸಾಲಯದಲ್ಲಿ ಸಹಾಯಕ. ಮೊದಲ ಸಲ ಲಸಿಕೆ ಹಾಕಲು ಹೋದಾಗ ನನ್ನ ಊರು ಕಾಪು ಎಂದೆ. "ಹಾಗಾದ್ರೆ ಊಟ ಮಾಡದೆ ಬಿಡುದಿಲ್ಲ," ಎಂದರು. ಆಮೇಲೆ ಒಂದು ಸಲವೂ ಬಿಡಲಿಲ್ಲ.

ಅಲ್ಲಿದ್ದವು ಅರಬರ ಹಳೆಯ ಬೇಟೆತಳಿಯಾದ ಉದ್ದ ಕಾಲಿನ ಸಲೂಕಿಗಳು, ಮತ್ತು ಸಲೂಕಿಗೆ ಗ್ರೇಹೌಂಡ್ ಬೆರೆಸಿ ಹುಟ್ಟಿಸಿದ, ಲರ್ಚರ್ ಎಂದು ಕರೆಯುವ ಬೇಟೆನಾಯಿಗಳು. ಇಲ್ಲಿ ಬೇಟೆಗೆ ಅವಕಾಶವಿಲ್ಲದ್ದರಿಂದ ಗಾಡಿಯ ಹಿಂದೆ ಚರ್ಮದ ತುಂಡು ಕಟ್ಟಿ ಎಳೆದು ಓಡಿಸುತ್ತಿದ್ದರು. ಚಳಿಗಾಲದಲ್ಲಿ ಅರ್ಬಾಬ್ ಅವನ್ನು ಹೊರದೇಶಕ್ಕೆ ಬೇಟೆಗೆ ಒಯ್ಯುತ್ತಿದ್ದರು.

"ನಾಯಿ ಮುಟ್ಟುದು ನಿಮಗೆ ಆಗ್ತದಾ ಕಾಕ?" ಎಂದು ಒಮ್ಮೆ ಕೇಳಿದ್ದೆ.

"ಸಲೂಕಿಯನ್ನು ಅರಬಿಗಳು ನಾಯಿ ಅಂತ ಹೇಳುದಿಲ್ಲ ಮಾರಾಯ. ಈ ಮಿಶ್ರದ್ದು ಅರ್ಧ ನಾಯಿ. ಅದಕ್ಕೆ ಸೋಪು ಸ್ವಲ್ಪ ಜಾಸ್ತಿ."

ಹೆಣ್ಣಿಗೆ ಜೋಡಿ ಹುಡುಕುವಾಗ ಗಂಡಿನ ಸೊಂಟದ ಎರಡು ಮೂಳೆಗಳ ನಡುವೆ ಬೆರಳಿಟ್ಟು ನೋಡುತ್ತಾರೆ. ನಾಲ್ಕು ಬೆರಳು ಹಿಡಿದರೆ ಒಳ್ಳೆಯದು. ಕಾಕ ನಾಲ್ಕು ಎಂದರೆ ಅರ್ಬಾಬ್, "ನಿನ್ನದು ಮೂರೂವರೆಯೇ," ಎಂದು ನಗುತ್ತಿದ್ದರು. ಬಳಿಕ ಎದೆಯ ಆಳ, ಪಾದದ ಮೆತ್ತೆ, ಹಲ್ಲು. ಕೊನೆಗೆ ಓಟ. ಆದರೆ ಓಟವನ್ನು ಮಾತ್ರ ಕಾಕ ನೋಡುತ್ತಿರಲಿಲ್ಲ.

"ಓಡುದು ನೋಡ್ಲಿಕ್ಕೆ ಎಲ್ಲರೂ ಇದ್ದಾರೆ. ಓಟ ಮುಗಿದ ಮೇಲೆ ಎಂತ ಮಾಡ್ತದೆ, ಅದು ನೋಡ್ಬೇಕು."

ಅವರಿಗೆ ಕಾರಣವಿತ್ತು. ಅಲ್ಲಿ ಬೂದು ಬಣ್ಣದ ಒಂದು ಹೆಣ್ಣು ಲರ್ಚರ್ ಇತ್ತು. ತಾಯಿ ಸತ್ತಾಗ ಕಾಕ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಗಾಳಿಯಂತೆ ಓಡುತ್ತಿತ್ತು, ಆದರೆ ಯಾರಾದರೂ ಹಿಡಿಯದೆ ನಿಲ್ಲುತ್ತಿರಲಿಲ್ಲ. ಅದಕ್ಕೊಂದು ಅಷ್ಟೇ ವೇಗದ ಗಂಡನ್ನು ಜೋಡಿಸಿದಾಗ ಎರಡು ಮರಿಗಳು ಬದುಕಿದವು. ಅವೆರಡೂ ಒಂದೊಂದು ಓಟದ ಕೊನೆಯಲ್ಲಿ ಮೈ ಕಾದು ಬಿದ್ದು ಸತ್ತವು. ಹೂತದ್ದು ಕಾಕ. ಈಗ ಹೆಣ್ಣಿಗೆ ವಯಸ್ಸಾಗಿತ್ತು. ಇನ್ನೊಂದೇ ಸಲ ಮರಿ ಹಾಕಿಸಬಹುದು ಎಂದು ನಮ್ಮ ಡಾಕ್ಟರು ಹೇಳಿದ್ದರು. ಈ ಸಲವೂ ತಪ್ಪಿದರೆ ಆ ತಳಿ ಅಲ್ಲಿಗೆ ಮುಗಿಯುತ್ತಿತ್ತು.

"ವೇಗ ಅವಳಲ್ಲಿಯೇ ಬೇಕಾದಷ್ಟು ಉಂಟು. ಅವಳಲ್ಲಿ ಇಲ್ಲದ್ದು ಗಂಡಿನಲ್ಲಿ ಇರ್ಬೇಕು. ಇಬ್ಬರಿಗೂ ನಿಲ್ಲಿಕ್ಕೆ ಗೊತ್ತಿಲ್ಲದಿದ್ರೆ ಮರಿಗೆ ಎಲ್ಲಿಂದ ಬರುದು?"

ವೀಸಾ ರದ್ದು ಮಾಡಿಸಿ ಊರಿಗೆ ಹೋಗಿ ಕೂರುವ ಮಾತನ್ನು ಅವರು ಪ್ರತಿ ವರ್ಷ ಆಡುತ್ತಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೂ ಅದೇ ಮಾತು. "ಇವಳ ಮರಿ ಒಮ್ಮೆ ಕಣ್ಣು ಬಿಡ್ಲಿ. ಮತ್ತೆ ಕ್ಯಾನ್ಸಲ್, ಖಲಾಸ್."

"ನೀವೂ ಅವಳ ಜಾತಿಯೇ ಕಾಕ."

"ಹೌದಲ್ಲ. ಅದಕ್ಕೇ ಅವಳ ರೋಗ ನಂಗೆ ಗೊತ್ತಾದದ್ದು."

ಆ ಶನಿವಾರ ಅರ್ಬಾಬರ ಗೆಳೆಯರೊಬ್ಬರು ದುಬೈಯಿಂದ ತಮ್ಮ ಕಂದು ಗಂಡುನಾಯಿಯನ್ನು ತಂದಿದ್ದರು. ಬೂದು ಹೆಣ್ಣಿಗೆ ಅದನ್ನೇ ಜೋಡಿಸಬೇಕೆಂದು ಅರ್ಬಾಬರ ಮನಸ್ಸು. ಕಾಕ ಅದರ ಪಕ್ಕದಲ್ಲಿ ಓಡಿಸಿದ್ದು ಅಲ್ಲಿನದೇ ಹಳೆಯ, ಕಿವಿ ಹರಿದ ಗಂಡನ್ನು. ಕಂದು ನಾಯಿ ಬಹಳ ಮುಂದೆ ಬಂತು. ಗೆಳೆಯರು ಚಪ್ಪಾಳೆ ತಟ್ಟಿದರು. ಆಗ ಕಾಕ ತಿರುಗಿದರು.

ಹಳೆಯ ನಾಯಿ ತಾನಾಗಿ ಟ್ಯಾಂಕಿನ ನೆರಳಿಗೆ ಬಂದು, ಒದ್ದೆ ಮರಳಿನಲ್ಲಿ ಹೊಟ್ಟೆ ಚಾಚಿ ಮಲಗಿತು. ಉಸಿರು ಇಳಿಯುವ ತನಕ ನೀರು ಮುಟ್ಟಲಿಲ್ಲ. ಕಂದು ನಾಯಿ ಗಾಡಿಯನ್ನು ದಾಟಿ ಓಡುತ್ತಲೇ ಇತ್ತು. ತೆರೆದ ಗೇಟಿನಿಂದ ಹೊರಗೆ ಹೋಗಿ ಮರಳ ದಿಬ್ಬ ಏರಿತು.

"ಯಲ್ಲಾ, ಗಾಡಿ ತನ್ನಿ!" ಎಂದರು ಅರ್ಬಾಬ್.

"ಗಾಡಿ ಬೇಡ!" ಎಂದು ಕಾಕ ಅರಬಿಯಲ್ಲಿ ಕೂಗಿ, ನನ್ನ ಕಡೆ ತಿರುಗಿದರು. "ಗಾಡಿ ಕಂಡ್ರೆ ಅದು ಪುನಃ ಓಡ್ತದೆ ಮಾರಾಯ, ಸಾಯ್ತದೆ. ನೀನು ಐಸ್ ಪೆಟ್ಟಿಗೆ ತಾ." ನೀರಿನ ಕ್ಯಾನ್ ಎತ್ತಿಕೊಂಡು ಅವರೇ ಹೊರಟರು. ಮೊದಲು ನಡೆದರು. ದಿಬ್ಬದ ಮೇಲೆ ನಾಯಿ ಮುಗ್ಗರಿಸಿದ್ದು ಕಂಡು ಓಡಿದರು. ಅವರು ಓಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ನಿಧಾನ ಕಾಕ!" ಎಂದು ಕೂಗಿದೆ. ಕೈ ಬೀಸಿದರು, ತಿರುಗಲಿಲ್ಲ.

ಐಸ್ ಪೆಟ್ಟಿಗೆ ಹೊತ್ತು ನಾನು ತಲುಪುವಾಗ ನಾಯಿಯ ಹೊಟ್ಟೆ, ತೊಡೆಯ ಸಂದು, ಪಾದ ಎಲ್ಲ ಒದ್ದೆಯಾಗಿದ್ದವು. ಅದರ ಕಣ್ಣು ನನ್ನನ್ನು ನೋಡಿತು. ಕಾಕ ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದರು.

"ಇದು ಬದುಕ್ತದೆ," ಎಂದರು. ಮತ್ತೆ, "ಅರ್ಬಾಬ್‌ಗೆ ಹೇಳು, ಹಳೆಯವನೇ ಸಾಕು."

ಆಮೇಲೆ ಅವರು ಒಂದು ಬದಿಗೆ ವಾಲಿದರು. ನಾನು ಎದೆ ಒತ್ತಿದೆ. ಆಂಬುಲೆನ್ಸ್ ಬರುವ ತನಕ ಒತ್ತಿದೆ, ಅದರಲ್ಲಿ ಬಂದವರು ನನ್ನನ್ನು ಎಬ್ಬಿಸುವ ತನಕ ಒತ್ತಿದೆ. ಕ್ಯಾನಿನಲ್ಲಿ ನೀರು ಇನ್ನೂ ಉಳಿದಿತ್ತು. ಕಾಕ ಅದನ್ನು ಕುಡಿದಿರಲಿಲ್ಲ.

ಕಾಕ ಹೇಳು ಎಂದದ್ದನ್ನು ಅರ್ಬಾಬರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಬೂದು ಹೆಣ್ಣಿಗೆ ಹಳೆಯ ಗಂಡನ್ನೇ ಜೋಡಿಸಿದರು. ನಾಲ್ಕು ಮರಿಗಳಾದವು. ಕಳೆದ ಚಳಿಗಾಲದಲ್ಲಿ ಅವುಗಳ ಮೊದಲ ಓಟಕ್ಕೆ ನನ್ನನ್ನು ಕರೆದರು. ನಾನು ಟ್ಯಾಂಕಿನ ಎಡಗಡೆ, ಹಾದಿಗೆ ಬೆನ್ನು ಹಾಕಿ ನಿಂತೆ. ಒಂದೊಂದಾಗಿ ನಾಲ್ಕೂ ನೆರಳಿಗೆ ಬಂದು ಮಲಗಿದವು. ಅರ್ಬಾಬ್ ಒಂದರ ಸೊಂಟದ ಮೇಲೆ ಬೆರಳಿಟ್ಟರು, ಕಿರುಬೆರಳನ್ನು ಮಡಚಿಕೊಂಡು.

ಕಾಕ ಬಿದ್ದದ್ದನ್ನು ಕಂಡವರಲ್ಲಿ ಈಗ ಅರ್ಬಾಬ್ ಇದ್ದಾರೆ, ದುಬೈಯ ಅವರ ಗೆಳೆಯರಿದ್ದಾರೆ, ನಾನಿದ್ದೇನೆ. ಆ ಕಂದು ನಾಯಿಯೂ ಇದೆ. ಅದನ್ನು ಈಗ ಓಡಿಸುವುದಿಲ್ಲವಂತೆ. ಆದರೂ ಹೊರಗೆ ಗಾಡಿ ಶುರುವಾದ ಸದ್ದು ಕೇಳಿದರೆ ಎದ್ದು ನಿಲ್ಲುತ್ತದಂತೆ.