ಅಚ್ಚ ಕನ್ನಡದ ಒಂದು ಪತ್ರ

ಎಂಬತ್ತರ ದಶಕದ ಮೊದಲಿಗೆ ನಾನು ಕಡೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹೊಸದಾಗಿ ಬಂದ ಅಧಿಕಾರಿಗೆ ಕಡತಗಳಲ್ಲಿ ಅಚ್ಚ ಕನ್ನಡವೇ ಇರಬೇಕೆಂಬ ಹಟ. ಅರ್ಜಿ, ಮಂಜೂರು ಅರಬ್ಬಿ, ಜಮೀನು ಪಾರಸಿ, ಖಾತೆ ಎಲ್ಲಿಯದೋ, ಎಲ್ಲವನ್ನೂ ಓಡಿಸಿ ಎಂದರು. ಗುಮಾಸ್ತ ಎಂಬುದೂ ಪಾರಸಿಯೆಂದು ಗೊತ್ತಾದ ದಿನ ನಾನು ಲಿಪಿಕಾರನಾದೆ. ನನ್ನ ಕುರ್ಚಿಯ ಗಿಡ್ಡ ಕಾಲು ಮಾತ್ರ ಹಾಗೇ ಇತ್ತು. ಓಡಿಸಿದ ಮಾತುಗಳ ಜಾಗಕ್ಕೆ ಸಂಸ್ಕೃತವನ್ನು ಕರೆತರುವುದು ನನ್ನ ಕೆಲಸ. ಅದನ್ನೇ ನಾವಿಬ್ಬರೂ ಕನ್ನಡ ಎಂದುಕೊಂಡೆವು. ಕನ್ನಡದಲ್ಲಿ ಬಿ.ಎ. ಮಾಡಿದ್ದ ನನಗಂತೂ ಇದು ಬಹಳ ಹಿಡಿಸಿತು.

ಪಂಚನಹಳ್ಳಿಯ ಒಬ್ಬ ಹೆಂಗಸು, ತೀರಿಕೊಂಡ ಗಂಡನ ಹೊಲದ ಖಾತೆ ತನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಿದ್ದಳು. ಆಗಿತ್ತು. ಅದನ್ನು ತಿಳಿಸಲು ನಾನು ಬರೆದದ್ದು: 'ತಮ್ಮ ಭೂಸ್ವಾಮ್ಯ ನಾಮಪರಿವರ್ತನಾ ಮನವಿಯು ಅಂಗೀಕೃತಗೊಂಡಿರುತ್ತದೆ.' ಎರಡು ಸಲ ಓದಿಕೊಂಡು ಸಂತೋಷಪಟ್ಟೆ.

ಮುಂದಿನ ವಾರ ಆಕೆ ಬಸ್ಸಿಳಿದು ನೇರ ನನ್ನ ಮೇಜಿನ ಮುಂದೆ ನಿಂತಳು. ಕಣ್ಣು ಬಾತಿದ್ದವು.

"ನಮ್ಮ ಹೊಲ ಯಾರ ಹೆಸ್ರಿಗೆ ಹೋಯ್ತಪ್ಪಾ?"

ಪತ್ರ ಓದಿ ಹೇಳಿದವನು ಆಕೆಯ ಮೈದುನ. ಪರಿವರ್ತನೆ ಎಂದರೆ ಹೊಲ ತನ್ನ ಹೆಸರಿಗೆ ಬಂದಿದೆ ಎಂದು ಅರ್ಥ ಮಾಡಿ, ಮರುದಿನವೇ ನೇಗಿಲು ಹೂಡಿದ್ದನಂತೆ. ನನ್ನ ಪತ್ರವನ್ನು ಮನಸಾರೆ ಮೆಚ್ಚಿದ ಓದುಗ ಅವನೊಬ್ಬನೇ.

"ಖಾತೆ ನಿಮ್ಮ ಹೆಸರಿಗೇ ಆಗಿದೆಯಮ್ಮ."

"ಹಂಗಂತ ಕನ್ನಡದಾಗೆ ಬರ್ಯಕ್ಕೆ ಏನಾಗಿತ್ತು ನಿಂಗೆ?"

ಜಮೀನು, ಗಿಮೀನು ಎಲ್ಲ ಪಾರಸಿ ಮಾತುಗಳೆಂದು ವಿವರಿಸಿದೆ.

"ನಮ್ಮತ್ತೆ ದಿನಾ ಜಮೀನಿಗೆ ಹೋಗ್ಬತ್ತೀನಿ ಅಂತಿದ್ಲು. ಸ್ಕೂಲ್ ಮೆಟ್ಲು ಹತ್ತಿದೋಳಲ್ಲ. ಅವಳಿಗೆ ಪಾರಸಿ ಯಾರು ಕಲ್ಸಿದ್ರಪ್ಪಾ?"

ನನ್ನ ಬಿ.ಎ.ಯನ್ನು ಪಕ್ಕಕ್ಕಿಟ್ಟೆ. ಹೊಸ ಹಾಳೆ ತೆಗೆದು, 'ಜಮೀನಿನ ಖಾತೆ ನಿಮ್ಮ ಹೆಸರಿಗೆ ಮಂಜೂರಾಗಿದೆ' ಎಂದು ಬರೆದು ಅಧಿಕಾರಿಯ ಮುಂದಿಟ್ಟೆ. ಅವರು ಕೆಂಪು ಪೆನ್ನು ಎತ್ತಿಕೊಂಡರು. ಆಕೆ ಬಾಗಿಲಲ್ಲೇ ನೆಲದ ಮೇಲೆ ಕೂತಳು.

"ಸ್ವಾಮಿ, ನಾಕು ಜನಕ್ಕೆ ತಿಳಿಯಂಗೆ ಕೊಡಿ. ಅಲ್ಲೀಗಂಟ ಇಲ್ಲೇ ಕುಂತಿರ್ತೀನಿ."

ಸಂಜೆಯ ಬಸ್ಸಿನ ಹೊತ್ತಿಗೆ ಅವರು ಸಹಿ ಹಾಕಿದರು. "ಸಹಿಯಲ್ಲ, ಹಸ್ತಾಕ್ಷರ" ಎಂದು ನನ್ನನ್ನು ತಿದ್ದುತ್ತಲೇ ಹಾಕಿದರು.

ಆ ಕಾಗದವನ್ನು ಆಕೆ ಟೀ ಅಂಗಡಿಯ ಮುಂದೆ ಜೋರಾಗಿ ಓದಿಸಿದಳಂತೆ. ಮೈದುನ ಎತ್ತು ಬಿಚ್ಚಿಕೊಂಡು ಹೋದ. ಅವನು ಪುಕ್ಕಟೆ ಉತ್ತುಕೊಟ್ಟಿದ್ದ ಹೊಲಕ್ಕೆ ಆಕೆ ರಾಗಿ ಬಿತ್ತಿದಳು.

ಆಮೇಲೆ ನಾನು ಪ್ರತಿ ಪತ್ರದ ಕೆಳಗೂ ಪೆನ್ಸಿಲಿನಲ್ಲಿ ಅರ್ಥ ಬರೆದು ಕಳಿಸತೊಡಗಿದೆ. ಕಚೇರಿಯಲ್ಲಿ ಅದು ಕೊನೆಗೂ ಗೊತ್ತಾಗಲಿಲ್ಲ. ಸಹಿಯಾದ ಮೇಲೆ ನಮ್ಮ ಪತ್ರಗಳನ್ನು ಅಲ್ಲಿ ಯಾರೂ ಓದುತ್ತಿರಲಿಲ್ಲ.