ಬಿಸಿಲಿಗಿಟ್ಟ ಸೆಲ್ಲುಗಳು

ಮೊನ್ನೆ ಟೀವಿ ರಿಮೋಟು ಕೆಲಸ ಮಾಡಲಿಲ್ಲವೆಂದು ಅದರ ಬೆನ್ನು ಬಿಚ್ಚಿದೆ. ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿತ್ತು. ತುಕ್ಕಿನದೋ ಹುಳಿಯದೋ ಹೇಳಲಾಗದ ಆ ವಾಸನೆಗೆ ಕೆಲಸ ಅಲ್ಲಿಗೇ ಬಿಟ್ಟೆ. ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾದರು...

ಅವರ ಯಜಮಾನರು ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿದ್ದವರು. ಲಕ್ವ ಹೊಡೆದು ಮಂಚ ಹಿಡಿದರು. ಮಾತು ಹೋಯಿತು, ಉಳಿದದ್ದು ‘ಹೂಂ’ ಒಂದೇ. ಹುಲಿಯೂರುದುರ್ಗಕ್ಕೆ ಕೊಟ್ಟಿದ್ದ ಮಗಳು ಫೋನ್ ಮಾಡಿದರೆ ರಿಸೀವರ್ ಹಿಡಿಯಲು ಕೈ ಬರುತ್ತಿರಲಿಲ್ಲ, ಹಿಡಿದುಕೊಟ್ಟರೆ ತಲೆ ವಾಲುತ್ತಿತ್ತು. ಅದಕ್ಕೇ ದೊಡ್ಡಮ್ಮ ಸ್ಪೀಕರ್ ಇರುವ ಫೋನ್ ತರಿಸಿದರು. ಜೋಡಿಸಿದ್ದು ನಾನು. ಬಾಗಿಲ ಬಳಿಯ ಟೆಲಿಫೋನ್ ಡಬ್ಬಿಯಿಂದ ಮಂಚದ ತಲೆದಿಸೆಯವರೆಗೆ ವೈರೆಳೆದು, ಗೋಡೆಗೆ ಕ್ಲಿಪ್ ಹೊಡೆದು, ಫೋನಿನ ಹೊಟ್ಟೆಗೆ ಸೆಲ್ಲು ತುಂಬಿದೆ. ಸೆಲ್ಲಿಲ್ಲದಿದ್ದರೂ ರಿಸೀವರಿನಲ್ಲಿ ಮಾತಾಡಬಹುದಿತ್ತು. ಸ್ಪೀಕರ್ ಮಾತ್ರ ಸೆಲ್ಲಿಲ್ಲದೆ ತುಟಿ ಬಿಚ್ಚುತ್ತಿರಲಿಲ್ಲ.

ಭಾನುವಾರ ಮಗಳ ಫೋನು. ಅವಳು ಊರಿನ ಸುದ್ದಿಯೆಲ್ಲ ಹೇಳುವುದು, ಅಪ್ಪ ‘ಹೂಂ’ ಅನ್ನುವುದು. ಪಕ್ಕದಲ್ಲಿ ಕೂತ ದೊಡ್ಡಮ್ಮ ಒಂದು ಮಾತೂ ಆಡುತ್ತಿರಲಿಲ್ಲ. ಮುಗಿದ ಕೂಡಲೇ ಸೆಲ್ಲು ತೆಗೆದು, ಟಾರ್ಚಿನ ಸೆಲ್ಲಿಗೆ ಎಲ್ಲರೂ ಮಾಡುವಂತೆ, ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗಿಡುತ್ತಿದ್ದರು.

"ಹಾಳಾಗ್ತವೆ ದೊಡ್ಡಮ್ಮ," ಅಂದಿದ್ದೆ.

"ಸುಮ್ನಿರೇ. ಬಿಸ್ಲು ಕಂಡ್ರೆ ಮನುಷ್ಯರಿಗೇ ಜೀವ ಬರುತ್ತೆ, ಇವೇನ್ ಮಹಾ."

ಹಿಡಿದ ಹಟ ಬಿಡುವವರಲ್ಲ. ವಾದ ಮಾಡುವ ತ್ರಾಣ ನನಗಿರಲಿಲ್ಲ. ಅವರಿಗಂತೂ... ಆ ವರ್ಷಗಳಲ್ಲಿ ಅವರು ನೆಮ್ಮದಿಯಾಗಿ ಕೂತು ಉಂಡದ್ದನ್ನೇ ನಾನು ನೋಡಲಿಲ್ಲ.

ಮಗಳು ಬಸುರಿಯಾದಾಗ ತವರಿಗೆ ಕರೆತರಲಾಗಲಿಲ್ಲ. ಮೊದಲ ಬಾಣಂತನವೇ ಅತ್ತೆಮನೆಯಲ್ಲಾಯಿತು. "ಇವ್ರನ್ನ ಎತ್ತಿ ಕೂರ್ಸೋದಾ, ಅವಳಿಗೆ ನೀರು ಹಾಕೋದಾ, ನೀನೇ ಹೇಳೇ," ಎಂದು ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದರು. ಗಂಡನಿಗೆ ಕೂಸಿನ ದನಿಯನ್ನಾದರೂ ಕೇಳಿಸಬೇಕು ಎಂಬುದೊಂದೇ ಅವರ ಆಸೆಯಾಗಿತ್ತು.

ಒಂದು ಬೆಳಿಗ್ಗೆ, ಭಾನುವಾರವಲ್ಲದ ದಿನ, ನಾನು ಅವರ ಮನೆಯಲ್ಲಿದ್ದಾಗಲೇ ಫೋನ್ ಬಂತು. ಮಗಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಕೂಸು ಅಳುತ್ತಿದೆ, ಅಪ್ಪನಿಗೆ ಕೇಳಿಸಮ್ಮ ಅಂದಳಂತೆ. ಸೆಲ್ಲುಗಳು ಗೋಡೆಯ ಮೇಲೆ. "ಇಡ್ಬೇಡ ಕಣೇ, ಇರು," ಎನ್ನುತ್ತ ದೊಡ್ಡಮ್ಮ ರಿಸೀವರನ್ನು ನನ್ನ ಕೈಗಿತ್ತು ಓಡಿದರು. ಕಾದ ಸೆಲ್ಲುಗಳನ್ನು ಸೆರಗಿನಲ್ಲಿ ತಂದು ತುಂಬಿ ಗುಂಡಿ ಒತ್ತಿದರೆ, ಅತ್ತ ಸದ್ದೇ ಇಲ್ಲ.

"ನಿದ್ದೆ ಹೋಯ್ತಮ್ಮ," ಅಂದಳು ಮಗಳು.

ಸ್ಪೀಕರಿನಲ್ಲಿ ಎಂದೂ ಮಾತಾಡದ ದೊಡ್ಡಮ್ಮ ಬಗ್ಗಿ ಹೇಳಿದರು: "ಚಿವುಟೇ."

ಕೂಸು ಕಿರುಚಿಕೊಂಡಿತು. ಯಜಮಾನರು ‘ಹೂಂ’ ಅಂದರು. ಅದು ಮತ್ತೆ ಅತ್ತಿತು, ಇವರು ಮತ್ತೆ ‘ಹೂಂ’. ಅತ್ತಷ್ಟಕ್ಕೂ ಉತ್ತರ ಕೊಟ್ಟರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಅಂದಿನಿಂದ ದೊಡ್ಡಮ್ಮ ಸೆಲ್ಲು ತೆಗೆಯಲಿಲ್ಲ. "ಮತ್ತೆ ಯಾವಾಗ ಅಳುತ್ತೋ ಏನೋ," ಅನ್ನುತ್ತಿದ್ದರು. ಕೂಸನ್ನು ಕರೆತರುವ ಮೊದಲೇ ಯಜಮಾನರು ಹೋದರು. ಆಮೇಲೂ ಭಾನುವಾರ ದೊಡ್ಡಮ್ಮ ಸ್ಪೀಕರನ್ನೇ ಒತ್ತುತ್ತಿದ್ದರು. ಮಗಳು ಹಳೆಯ ಅಭ್ಯಾಸದಂತೆ ಮಾತಿನ ನಡುವೆ ನಿಲ್ಲಿಸುತ್ತಿದ್ದಳು. ಖಾಲಿ ಮಂಚದ ಪಕ್ಕದಿಂದ ದೊಡ್ಡಮ್ಮ ‘ಹೂಂ’ ಅನ್ನುತ್ತಿದ್ದರು.

ಈಗ ದೊಡ್ಡಮ್ಮನೂ ಇಲ್ಲ. ಮನೆ ಖಾಲಿ ಮಾಡುವಾಗ ಮಗಳು ಆ ಫೋನನ್ನು ನನಗೆ ಕೊಟ್ಟು ಹೋದಳು. ಮೊನ್ನೆ ರಿಮೋಟು ಒರೆಸಿಟ್ಟು, ಅಟ್ಟದಿಂದ ಅದನ್ನು ಇಳಿಸಿ ನೋಡಿದೆ. ಸೆಲ್ಲುಗಳು ಸೋರಿ ಒಳಗೇ ಕಚ್ಚಿಕೊಂಡಿವೆ. ಕೀಳಲು ಮನಸ್ಸು ಬರಲಿಲ್ಲ. ಮುಚ್ಚಳ ಹಾಕಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಿದ್ದೇನೆ.