ಮೊಢೇರಾದಲ್ಲಿ ಕಳೆದುಹೋದ ಜೋನ್ ಆಂಟಿ

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ನಮ್ಮ ಪಕ್ಕದ ಮನೆಯ ಜೋನ್ ಆಂಟಿ ನಮ್ಮ ಅಡುಗೆಮನೆಯಲ್ಲಿ ಕೂತು ಕೂತೇ ಒಂದಿಷ್ಟು ಕನ್ನಡ ಕಲಿತಿದ್ದರು. ಗುಜರಾತಿನ ಅರಮನೆ, ದೇವಸ್ಥಾನ ನೋಡಲು ನಾವು ಹೊರಟಾಗ ಹಟ ಹಿಡಿದು ಜೊತೆಗೆ ಬಂದೇಬಿಟ್ಟರು.

ಮೊಢೇರಾದ ಸೂರ್ಯ ದೇವಾಲಯದಲ್ಲಿ ನಾನು ಕಂಬದ ಕೆತ್ತನೆಯ ಫೋಟೊ ತೆಗೆದು ತಿರುಗುವಷ್ಟರಲ್ಲಿ ಆಂಟಿ ನಾಪತ್ತೆ. ಅವರ ಹತ್ತಿರ ಮೊಬೈಲ್ ಇರಲಿಲ್ಲ, ಹಿಂದಿಯಂತೂ ಒಂದಕ್ಷರ ಬರುತ್ತಿರಲಿಲ್ಲ. ದೇವಾಲಯದ ಮುಂದಿನ ಕೊಳದ ಮೆಟ್ಟಿಲುಗಳನ್ನೆಲ್ಲ ಹತ್ತಿಳಿದು ಹುಡುಕಿದೆ.

ಕಡೆಗೆ ಹೊರಗಿನ ಬೇವಿನ ಮರದಡಿ ಜೋರು ನಗು ಕೇಳಿಸಿತು. ಧಾರವಾಡದಿಂದ ಬಸ್ ಮಾಡಿಕೊಂಡು ಯಾತ್ರೆಗೆ ಬಂದಿದ್ದ ಹೆಂಗಸರ ನಡುವೆ ಆಂಟಿ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ತಿನ್ನುತ್ತಿದ್ದರು. ನನಗೆ ಹೋದ ಜೀವ ಬಂದಂತಾಯಿತು.

"ನೀರು ಎಲ್ಲಿ ಅಂತ ಕೇಳಿದೆ, ಊಟಾನೇ ಕೊಟ್ರು!" ಎಂದರು ಆಂಟಿ, ಕನ್ನಡದಲ್ಲೇ.

ಗುಂಪಿನ ಅಜ್ಜಿಯೊಬ್ಬರು ನನ್ನತ್ತ ತಿರುಗಿ, "ಇವರಿಗೆ ಕನ್ನಡ ಕಲಿಸಿದವರು ನೀವೇನ್ರಿ? ಭಾಳ ಛಂದ ಮಾತಾಡ್ತಾರ. ಆದ್ರ ಬೆಂಗಳೂರು ಕನ್ನಡ ಕಲಿಸೀರಲ್ಲ, ಏನ್ ಮಾಡೋದು! ಬರ್ರಿ, ನೀವೂ ಕೂಡ್ರಿ" ಎಂದು ನನಗೂ ರೊಟ್ಟಿ ಕೊಟ್ಟರು.

ಗುಜರಾತಿಗೆ ಹೋಗುವವರು ಕನ್ನಡ ಕಲಿತರೆ ಸಾಕು ಎಂದು ಆಂಟಿ ಈಗ ನಮ್ಮ ಬೀದಿಯವರಿಗೆಲ್ಲ ಹೇಳುತ್ತಿದ್ದಾರೆ. ನಾನಂತೂ ತಿದ್ದಲು ಹೋಗಿಲ್ಲ.